ಕೂತು ಹೇಳಿದಾಗ ನಕ್ಕವರು ತೆರೆಯ ಮುಂದೆ ಯಾಕೆ ನಗಲಿಲ್ಲ?

ಪ್ರಶ್ನೆ: ನನಗೆ 27 ವರ್ಷ, ತಿಪಟೂರಿನವನು. ಕಾಲೇಜು ದಿನಗಳಿಂದ ಹಾಸ್ಯ ನಾಟಕ ಬರೆಯುತ್ತಿದ್ದೇನೆ, ಎರಡು ಕಿರುಚಿತ್ರ ಮಾಡಿದ್ದೇನೆ. ಕಥೆ ಹೇಳುವಾಗ ಸ್ನೇಹಿತರು ಬಿದ್ದು ಬಿದ್ದು ನಗುತ್ತಾರೆ. ಅದೇ ಕಥೆ ಚಿತ್ರವಾದ ಮೇಲೆ ಸುಮ್ಮನೆ ನೋಡುತ್ತಾರೆ. ಕಾಮಿಡಿ ಸಿನಿಮಾಗಳ ಬರಹಗಾರ, ನಿರ್ದೇಶಕ ಆಗಬೇಕೆಂಬುದು ನನ್ನ ಆಸೆ. ಮೊದಲು ಬರವಣಿಗೆ ಹಿಡಿಯಲೇ, ಸಹಾಯಕ ನಿರ್ದೇಶಕನಾಗಿ ಸೇರಲೇ? ಎಲ್ಲಿ ತಪ್ಪುತ್ತಿದ್ದೇನೆ? ಬರೆದದ್ದು ಬೇರೆಯವರ ಪಾಲಾಗದಂತೆ ಏನು ಮಾಡಬೇಕು?

ಉತ್ತರ: ನಡುವಿನ ಪ್ರಶ್ನೆಯಿಂದಲೇ ಶುರು ಮಾಡೋಣ. ಉಳಿದೆರಡಕ್ಕೂ ದಾರಿ ಅಲ್ಲಿಂದಲೇ ಸಿಗುತ್ತದೆ.

ಕಥೆ ಹೇಳುವಾಗ ನೀವು ಎದುರಿಗೆ ಕೂತವರ ಮುಖ ನೋಡುತ್ತಿರುತ್ತೀರಿ. ಎಲ್ಲಿ ತಡೆಯಬೇಕು, ಎಲ್ಲಿ ಓಡಬೇಕು ಎಂಬುದು ಆ ಕ್ಷಣದಲ್ಲೇ ಹೊಳೆಯುತ್ತದೆ. ನಗುವ ಜಾಗ ಬರುವ ಮೊದಲೇ ನಿಮ್ಮ ತುಟಿಯಂಚು ಅವರಿಗೆ ಸುಳಿವು ಕೊಟ್ಟಿರುತ್ತದೆ. ಆ ಪಾತ್ರ ನಿಮ್ಮೂರಿನ ಯಾರ ಅನುಕರಣೆ ಎಂಬುದೂ ಸ್ನೇಹಿತರಿಗೆ ಗೊತ್ತು. ಚಿತ್ರವಾದಾಗ ನೀವು ಅಲ್ಲಿಲ್ಲ. ಧ್ವನಿ, ತಡೆ, ಹುಬ್ಬು, ಪರಿಚಯ ಎಲ್ಲ ಕಳಚಿ ಹೋಗಿ ಹಾಳೆಯ ಮೇಲಿದ್ದದ್ದು ಮಾತ್ರ ಉಳಿಯುತ್ತದೆ. ಹಾಳೆಯ ಮೇಲೆ ನೀವು ಬರೆದಿದ್ದದ್ದು ಮಾತು. ಬರೆಯದೆ ಬಿಟ್ಟದ್ದು, ಯಾವ ವಿಷಯ ಯಾರಿಗೆ ಯಾವಾಗ ಗೊತ್ತಾಗಬೇಕು ಎಂಬ ಲೆಕ್ಕ. ಹಾಸ್ಯ ಚಿತ್ರದ ಬರಹಗಾರನ ಕೆಲಸದಲ್ಲಿ ಮುಕ್ಕಾಲು ಪಾಲು ಈ ಲೆಕ್ಕವೇ.

ಒಂದು ದೃಶ್ಯ ಇಟ್ಟುಕೊಂಡು ನೋಡೋಣ. ಬಸವನಗುಡಿಯ ಹಳೇ ಮನೆಯೊಂದರ ಮಹಡಿ ಮೇಲಿನ ಕೋಣೆ. ಮಾಂಸ ಬೇಯಿಸುವುದಿಲ್ಲ ಎಂದು ಮಾತು ಕೊಟ್ಟು ಬಾಡಿಗೆಗೆ ಬಂದ ಹುಡುಗ ಸ್ವಾಮಿ. ಭಾನುವಾರ, ಕುಕ್ಕರಿನಲ್ಲಿ ಕೋಳಿ ಬೇಯುತ್ತಿದೆ. ಮಾಲೀಕರು ಅನಂತಯ್ಯ ಬಾಡಿಗೆಗೆಂದು ಬಂದವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಕುಕ್ಕರಿನಲ್ಲಿ ಏನಿದೆ ಎಂದು ನೋಡುವವರಿಗೂ ಹೇಳದೆ, ಅನಂತಯ್ಯ ಮುಚ್ಚಳ ತೆಗೆದಾಗ ಕೋಳಿ ಕಾಣಿಸಿದರೆ ಒಂದು ನಗು ಸಿಗುತ್ತದೆ. ದೃಶ್ಯ ಅಲ್ಲಿಗೆ ಮುಗಿಯಿತು. ಬದಲಿಗೆ, ಸ್ವಾಮಿ ಕೋಳಿ ತೊಳೆದು ಹಾಕಿದ್ದನ್ನು ಮೊದಲೇ ತೋರಿಸಿಬಿಡಿ. ಈಗ ಕುಕ್ಕರ್ ಒಂದು ಸಲ ಕೂಗುತ್ತದೆ. “ಬೇಳೆನಾ?” “ಹೌದು ಸಾರ್, ತೊಗರಿಬೇಳೆ.” ಎರಡನೇ ಕೂಗು, ಮೂರನೇ ಕೂಗು. “ಬೇಳೆಗೆ ಮೂರು ಸಾಕಲ್ವೇನಯ್ಯಾ?” ನಾಲ್ಕನೆಯದು. “ಹಳೇ ಬೇಳೆ ಸಾರ್, ಬೇಗ ಬೇಯಲ್ಲ.” ಐದನೆಯದಾದ ಮೇಲೆ ಅನಂತಯ್ಯ ಏಳುತ್ತಾರೆ. ಸ್ವಾಮಿ ಉಸಿರು ಬಿಡುವಷ್ಟರಲ್ಲಿ ಅವರು ಬಾಗಿಲಿನಿಂದ ತಿರುಗಿ, “ಇವತ್ತು ನಮ್ಮನೇಲಿ ಇವಳಿಲ್ಲ. ಒಂದು ಲೋಟ ಬೇಳೆ ಕಟ್ಟು ಕೊಡ್ತೀಯಾ?”

ಕೋಳಿ ಅದೇ, ಕುಕ್ಕರು ಅದೇ. ಪ್ರೇಕ್ಷಕರಿಗೆ ಒಂದು ನಿಮಿಷ ಮುಂಚೆ ಗೊತ್ತಾದದ್ದರಿಂದ ಒಂದು ನಗುವಿನ ಜಾಗದಲ್ಲಿ ಆರು ನಗು ಬಂದವು. ಎರಡನೇ ರೂಪದಲ್ಲಿ ಒಂದೇ ಒಂದು ಜೋಕ್ ಇಲ್ಲ ಎಂಬುದನ್ನೂ ಗಮನಿಸಿ. ಬೇಳೆ ಬೇಯುವುದರ ಬಗ್ಗೆ ಇಬ್ಬರು ಆಡಿದ ಸಾದಾ ಮಾತು ಅಷ್ಟೆ. ನಟರಿಬ್ಬರೂ ನಗಿಸಲು ಹೋಗಬೇಕಿಲ್ಲ, ಹೋದರೆ ದೃಶ್ಯ ಕೆಡುತ್ತದೆ.

ಆದರೆ ದೃಶ್ಯದಲ್ಲಿ ಒಂದು ತೂತಿದೆ. ಕೋಳಿ ಬೇಯುವ ವಾಸನೆ ಅನಂತಯ್ಯನಿಗೆ ಬರುವುದಿಲ್ಲವೇ? ಈ ಪ್ರಶ್ನೆ ಒಬ್ಬರ ತಲೆಯಲ್ಲಿ ಎದ್ದರೂ ಅವರ ನಗು ನಿಂತುಹೋಗುತ್ತದೆ. ಅನಂತಯ್ಯನಿಗೆ ನೆಗಡಿ ಅನ್ನಿ. ಅದನ್ನು ಇದೇ ದೃಶ್ಯದಲ್ಲಿ ಹೇಳಿಸಿದರೆ ಬರಹಗಾರ ತೇಪೆ ಹಾಕಿದ್ದು ಕಾಣುತ್ತದೆ. ಎರಡು ಮೂರು ದೃಶ್ಯ ಹಿಂದೆಯೇ ಅವರ ಹೆಂಡತಿ, “ಹಾಲು ಸೀದು ಮನೆಯೆಲ್ಲಾ ಗಬ್ಬೆದ್ದು ಹೋದ್ರೂ ಗೊತ್ತಾಗಲ್ವಾ ನಿಮಗೆ?” ಎಂದು ಬೈದಿರಲಿ. ಆ ಬೈಗುಳಕ್ಕೆ ಅಲ್ಲೇ ಅದರದ್ದೇ ಒಂದು ನಗು ಸಿಗಬೇಕು. ನಗು ಸಿಕ್ಕಿತೆಂದರೆ ಅದರ ಕೆಲಸ ಮುಗಿಯಿತು ಎಂದುಕೊಂಡು ಪ್ರೇಕ್ಷಕರು ಮುಂದೆ ಹೋಗುತ್ತಾರೆ. ಮುಂದೆ ಬೇಕಾಗುವ ಬೀಜವನ್ನು ನಗುವಿನ ಕೆಳಗೆ ಹೂತಿಡುವುದು ಎಂದರೆ ಇದು. ಮಧ್ಯಂತರದ ಹೊತ್ತಿಗೆ ಅದೇ ಅನಂತಯ್ಯನ ನೆಗಡಿ ವಾಸಿಯಾದರೆ, ಒಂದು ಹನಿ ಮಾತಿಲ್ಲದೆ ಸ್ವಾಮಿಯ ಕಷ್ಟ ಇಮ್ಮಡಿಯಾಗುತ್ತದೆ.

ಈ ವಿದ್ಯೆಯ ದೊಡ್ಡ ಮೇಷ್ಟ್ರು ಹಾಲಿವುಡ್ಡಿನ ಬರಹಗಾರ, ನಿರ್ದೇಶಕ ಬಿಲ್ಲಿ ವೈಲ್ಡರ್. ನೀವು ಯಾವ ವೃತ್ತಿಗೆ ಹೋಗಬೇಕೆಂದಿದ್ದೀರೋ ಅದರ ಪೂರ್ತಿ ನಕ್ಷೆ ಅವರ ಬದುಕಿನಲ್ಲಿ ಸಿಗುವುದರಿಂದ ಸ್ವಲ್ಪ ವಿವರವಾಗಿಯೇ ನೋಡಬೇಕು. 1906ರಲ್ಲಿ ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ, ಈಗಿನ ಪೋಲೆಂಡಿನ ಸುಖಾದಲ್ಲಿ ಹುಟ್ಟಿದ ಯಹೂದಿ. ವಿಯೆನ್ನಾದಲ್ಲಿ ಪತ್ರಕರ್ತ, ಬರ್ಲಿನ್ನಿನಲ್ಲಿ ಪತ್ರಕರ್ತ, ಅಲ್ಲೇ ಚಿತ್ರಕಥೆಗಾರ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಪ್ಯಾರಿಸ್ಸಿಗೆ ಓಡಿ, 1934ರಲ್ಲಿ ಅಮೆರಿಕ ತಲುಪಿದರು. ಆಗ ಅವರಿಗೆ ಇಂಗ್ಲಿಷ್ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಪ್ಯಾರಮೌಂಟ್ ಕಂಪನಿ ಅವರನ್ನು ಚಾರ್ಲ್ಸ್ ಬ್ರಾಕೆಟ್ ಎಂಬ ಬರಹಗಾರನ ಜತೆ ಕೂರಿಸಿತು. ಈ ಜೋಡಿ ನಿರ್ದೇಶಕ ಎರ್ನ್ಸ್ಟ್ ಲೂಬಿಚ್‌ಗಾಗಿ 1938 ಮತ್ತು 1939ರಲ್ಲಿ ಎರಡು ಚಿತ್ರಗಳಿಗೆ ಕೆಲಸ ಮಾಡಿತು. ಆಮೇಲೆ ವೈಲ್ಡರ್ ಜೀವನವಿಡೀ ತಮ್ಮ ಕಚೇರಿಯ ಗೋಡೆಯ ಮೇಲೆ, ಇದನ್ನು ಲೂಬಿಚ್ ಹೇಗೆ ಮಾಡುತ್ತಿದ್ದರು ಎಂದು ಕೇಳುವ ಒಂದು ಫಲಕ ತೂಗುಹಾಕಿಕೊಂಡಿದ್ದರು.

ಹಾಲಿವುಡ್ಡಿನಲ್ಲಿ ಅವರು ನಿರ್ದೇಶನಕ್ಕೆ ಇಳಿದದ್ದು ಬರೆದದ್ದನ್ನು ಉಳಿಸಿಕೊಳ್ಳಲು. 1941ರ ಒಂದು ಚಿತ್ರಕ್ಕೆ (ಅದು ಹಾಸ್ಯ ಚಿತ್ರವಲ್ಲ) ವೈಲ್ಡರ್ ಮತ್ತು ಬ್ರಾಕೆಟ್ ಬರೆದ ಒಂದು ದೃಶ್ಯದಲ್ಲಿ, ಅಮೆರಿಕದ ವೀಸಾಕ್ಕಾಗಿ ಗಡಿಯ ಹೋಟೆಲಿನಲ್ಲಿ ಕೊಳೆಯುತ್ತಿರುವ ನಾಯಕ ಗೋಡೆ ಹತ್ತುತ್ತಿರುವ ಜಿರಲೆಯನ್ನು ತಡೆದು, ಅಧಿಕಾರಿಯ ಗತ್ತಿನಲ್ಲಿ ನಿನ್ನ ಕಾಗದಪತ್ರ ಎಲ್ಲಿ ಎಂದು ಕೇಳಬೇಕಿತ್ತು. ಜಿರಲೆಯ ಜತೆ ಮಾತಾಡುವುದು ನಾಯಕನಟ ಶಾರ್ಲ್ ಬೋಯೆಗೆ ಒಪ್ಪಲಿಲ್ಲ, ನಿರ್ದೇಶಕರು ದೃಶ್ಯ ಬಿಟ್ಟರು. ವೈಲ್ಡರ್‌ಗೆ ಆ ಸಿಟ್ಟು ಆರಲಿಲ್ಲ. ಮರುವರ್ಷ, 1942ರಲ್ಲಿ, ತಮ್ಮ ಮೊದಲ ಹಾಲಿವುಡ್ ಚಿತ್ರ ನಿರ್ದೇಶಿಸಿದರು. ಆಗ ಅವರಿಗೆ 36ರ ಹತ್ತಿರ, ಹಿಂದೆ ಹನ್ನೆರಡು ಹದಿಮೂರು ವರ್ಷದ ಚಿತ್ರಕಥೆ ಬರವಣಿಗೆ ಇತ್ತು. ಅದಕ್ಕೆ ಎರಡು ವರ್ಷ ಮುಂಚೆ, 1940ರಲ್ಲಿ, ಚಿತ್ರಕಥೆಗಾರ ಪ್ರೆಸ್ಟನ್ ಸ್ಟರ್ಜಸ್ ಇನ್ನೂ ಧೈರ್ಯದ ಕೆಲಸ ಮಾಡಿದ್ದರು. ತಾನೇ ನಿರ್ದೇಶಿಸಬೇಕು ಎಂಬ ಷರತ್ತಿನ ಮೇಲೆ ಪ್ಯಾರಮೌಂಟ್‌ಗೆ ತಮ್ಮ ಚಿತ್ರಕಥೆಯನ್ನು ಬರೀ 10 ಡಾಲರಿಗೆ ಕೊಟ್ಟರು. ಆ ಚಿತ್ರಕಥೆಗೆ ಆಸ್ಕರ್ ಬಂತು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹಾಸ್ಯದಲ್ಲಿ ಬರವಣಿಗೆ ಮುಂದೆ, ನಿರ್ದೇಶನ ಅದರ ಹಿಂದೆ. ಆದರೆ ಸೆಟ್ ನೋಡದೆ ನಿರ್ದೇಶನಕ್ಕೆ ಇಳಿಯಬೇಡಿ. ವೈಲ್ಡರ್ ಕೂಡ ಹಾಲಿವುಡ್ಡಿನಲ್ಲಿ ನಿರ್ದೇಶಕರಾಗುವ ಮುಂಚೆ, ತಾವು ಬರೆದ ಒಂದು ಚಿತ್ರದ ಚಿತ್ರೀಕರಣದ ಉದ್ದಕ್ಕೂ ನಿರ್ದೇಶಕ ಹವರ್ಡ್ ಹಾಕ್ಸ್ ಅವರ ಸೆಟ್ಟಿನಲ್ಲಿ ನಿಂತು ಕಲಿತರು. ನಮ್ಮಲ್ಲೂ ಈ ದಾರಿ ಹಳೆಯದು. ಕಾಶೀನಾಥ್ ಅವರ ಗರಡಿಯಲ್ಲಿ ಬರೆಯುತ್ತ, ಸಹಾಯಕರಾಗಿ ದುಡಿಯುತ್ತ ಬೆಳೆದ ಉಪೇಂದ್ರ 1992ರಲ್ಲಿ ಜಗ್ಗೇಶ್ ನಾಯಕರಾದ ಹಾಸ್ಯ ಚಿತ್ರದಿಂದಲೇ ನಿರ್ದೇಶಕರಾದರು. ನನ್ನ ಸಲಹೆ: ಒಂದೇ ಒಂದು ಚಿತ್ರಕ್ಕೆ ಸಹಾಯಕ ನಿರ್ದೇಶಕರಾಗಿ ಸೇರಿ, ಆದರೆ ಕಥಾ ಚರ್ಚೆಯಿಂದ ಫಸ್ಟ್ ಕಾಪಿಯವರೆಗೂ (ಚಿತ್ರ ಪೂರ್ತಿ ಸಿದ್ಧವಾಗುವವರೆಗೂ) ಬಿಡಬೇಡಿ. ಕ್ಲಾಪ್ ಹೊಡೆಯುವುದಕ್ಕಿಂತ ಕಂಟಿನ್ಯೂಟಿ ಕೆಲಸ ಕೇಳಿ ತೆಗೆದುಕೊಳ್ಳಿ. ಯಾವ ಶಾಟ್ ತೆಗೆದರು, ಯಾವ ಟೇಕ್ ಓಕೆ ಆಯಿತು ಎಂದು ಬರೆದುಕೊಳ್ಳುವವನಿಗೆ ಮಾತ್ರ ಮುಂದೆ ಎಡಿಟಿಂಗ್ ಟೇಬಲ್ಲಿನಲ್ಲಿ ಯಾವುದು ಉಳಿಯಿತು, ಯಾಕೆ ಉಳಿಯಿತು ಎಂದು ತಾಳೆ ನೋಡಲು ಬರುತ್ತದೆ. ಚಿತ್ರೀಕರಣ ಮುಗಿದೊಡನೆ ಬಿಟ್ಟು ಹೋಗುವ ಸಹಾಯಕರು ಅರ್ಧ ವಿದ್ಯೆಯನ್ನೇ ಬಿಟ್ಟು ಹೋಗುತ್ತಾರೆ. ಅದರ ಜತೆಗೆ ದಿನಕ್ಕೆ ಎರಡು ಗಂಟೆ ನಿಮ್ಮ ಬರವಣಿಗೆ ನಿಲ್ಲಬಾರದು. ವರ್ಷಾನುಗಟ್ಟಲೆ ಸಹಾಯಕರಾಗಿದ್ದು ಕೈಯಲ್ಲಿ ಒಂದೂ ಮುಗಿದ ಚಿತ್ರಕಥೆ ಇಲ್ಲದವರು ಗಾಂಧಿನಗರದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇನ್ನೊಬ್ಬರ ಜತೆ ಕೂತು ಬರೆಯುವುದನ್ನೂ ಗಂಭೀರವಾಗಿ ಯೋಚಿಸಿ. ವೈಲ್ಡರ್ ಒಬ್ಬರೇ ಬರೆದವರಲ್ಲ. ಬ್ರಾಕೆಟ್ ಜತೆಗಿನ ಸಂಬಂಧ 1950ಕ್ಕೆ ಮುಗಿದ ಮೇಲೆ ಐ.ಎ.ಎಲ್. ಡೈಮಂಡ್ ಸಿಕ್ಕರು. 1957ರಿಂದ 1981ರವರೆಗೆ ಇಬ್ಬರೂ ಸೇರಿ 12 ಚಿತ್ರ ಬರೆದರು. ಹಾಸ್ಯಕ್ಕೆ ಎದುರಿಗೆ ಒಬ್ಬ ಕೇಳುಗ ಬೇಕು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಹೇಳುವ ಕೇಳುಗ. ನಿಮಗೆ ಮಾತು ಸಲೀಸಾದರೆ ಕಥೆಯ ಕಟ್ಟು ಗಟ್ಟಿಯಿರುವವರನ್ನು ಹುಡುಕಿ. ಮೊದಲ ದಿನವೇ ಹೆಸರು ಯಾರದ್ದು ಮೊದಲು, ದುಡ್ಡು ಎಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸ್ನೇಹ ಇರುವಾಗಲೇ ಮಾಡಬೇಕಾದ ಕೆಲಸ ಅದು.

ಈಗ ಬರವಣಿಗೆಯ ಕ್ರಮ. ಎರಡು ಗಂಟೆ ಹತ್ತು ನಿಮಿಷದ ಚಿತ್ರಕ್ಕೆ ಹೆಚ್ಚುಕಡಿಮೆ 60ರಿಂದ 65 ದೃಶ್ಯ ಬೇಕಾಗುತ್ತವೆ. ಒನ್ ಲೈನ್, ಅಂದರೆ ಕಥೆಯ ಎಳೆ, ಗಟ್ಟಿಯಾದ ಮೇಲೆ ಒಂದೊಂದು ದೃಶ್ಯಕ್ಕೆ ಒಂದೊಂದು ಕಾರ್ಡು ಮಾಡಿ. ಪ್ರತಿ ಕಾರ್ಡಿನಲ್ಲಿ ಮೂರೇ ಸಾಲು: ಇಲ್ಲಿ ಯಾರಿಗೆ ಏನು ಬೇಕು, ಯಾರು ಯಾರಿಂದ ಏನು ಮುಚ್ಚಿಡುತ್ತಿದ್ದಾರೆ, ನೋಡುವವರಿಗೆ ಇದರಲ್ಲಿ ಎಷ್ಟು ಗೊತ್ತು. ಎರಡನೇ ಸಾಲು ಖಾಲಿ ಉಳಿದ ಕಾರ್ಡುಗಳನ್ನು ಪಕ್ಕಕ್ಕಿಡಿ. ಮಾತು ಎಷ್ಟೇ ಚುರುಕಾಗಿದ್ದರೂ ಆ ದೃಶ್ಯ ಹರಟೆ. ಕಾಮಿಡಿ ಟ್ರ್ಯಾಕ್ ಎಂದು ಮುಖ್ಯ ಕಥೆಗೆ ಸಂಬಂಧವಿಲ್ಲದೆ ಸೇರಿಸುವ ದೃಶ್ಯಗಳು ಬಹುಪಾಲು ಈ ರಾಶಿಗೇ ಬೀಳುತ್ತವೆ. ಅವನ್ನು ಎಡಿಟಿಂಗಿನಲ್ಲಿ ಯಾವ ಕ್ರಮದಲ್ಲಿ ಇಟ್ಟರೂ ನಡೆಯುತ್ತದೆ ಎಂಬುದೇ ಅವುಗಳ ರೋಗ.

ಕಾರ್ಡುಗಳ ಮೇಲೆ ಒಂದು ತಿಂಗಳು ಕೂತರೂ ನಷ್ಟವಿಲ್ಲ. ಕೊನೆಯ ಭಾಗ ಕೂರುತ್ತಿಲ್ಲ ಅನ್ನಿಸಿದಾಗ ಎಲ್ಲರೂ ಕ್ಲೈಮ್ಯಾಕ್ಸ್ ತಿದ್ದಲು ಹೋಗುತ್ತಾರೆ. ಗಂಟು ಇರುವುದು ಸಾಮಾನ್ಯವಾಗಿ ಮೊದಲ ಭಾಗದಲ್ಲಿ. ವೈಲ್ಡರ್ ಕೂಡ ಕಿರಿಯರಿಗೆ ಇದನ್ನೇ ಹೇಳುತ್ತಿದ್ದರು. ಅವರ 1959ರ “ಸಮ್ ಲೈಕ್ ಇಟ್ ಹಾಟ್” ನೋಡಿ. ಇಬ್ಬರು ಸಂಗೀತಗಾರರು ಹೆಣ್ಣು ವೇಷ ಹಾಕಿಕೊಂಡು ಹುಡುಗಿಯರ ಬ್ಯಾಂಡಿಗೆ ಸೇರುತ್ತಾರೆ. ದುಡ್ಡಿಗಾಗಿ ಸೇರಿದ್ದರೆ ಮೊದಲ ತೊಂದರೆಯಲ್ಲೇ ವೇಷ ಕಳಚಿ ಮನೆಗೆ ಹೋಗುತ್ತಿದ್ದರು. ಆದರೆ ಅವರು ಗ್ಯಾಂಗ್‌ಸ್ಟರುಗಳ ಸಾಮೂಹಿಕ ಕೊಲೆಯನ್ನು ಕಣ್ಣಾರೆ ಕಂಡವರು, ವೇಷ ಬಿಚ್ಚಿದರೆ ಹೆಣ. ಚಿತ್ರದ ಆರಂಭದಲ್ಲಿ ಹಾಕಿದ ಈ ಬೀಗ ಕೊನೆಯವರೆಗೂ ಅವರನ್ನು ಹಿಡಿದಿಡುತ್ತದೆ. ನಿಮ್ಮ ಕಥೆಗೂ ಇದೇ ಪರೀಕ್ಷೆ ಮಾಡಿ: ನಾಯಕ ನಿಜ ಹೇಳಿಬಿಟ್ಟರೆ ಏನಾಗುತ್ತದೆ? “ಏನೂ ಆಗಲ್ಲ, ಸ್ವಲ್ಪ ಅವಮಾನ” ಎಂಬುದು ಉತ್ತರವಾದರೆ ಹತ್ತು ನಿಮಿಷದ ಚಿತ್ರಕ್ಕೆ ಸಾಕು, ಎರಡು ಗಂಟೆಗೆ ಸಾಲದು. ಸ್ವಾಮಿಯ ಕೋಳಿಯೂ ಹಾಗೆಯೇ. ಮನೆ ಬಿಟ್ಟು ಹೋಗು ಅಂದರೆ ಬೇರೆ ಮನೆ ಸಿಗುತ್ತದೆ. ಅದೇ ಬೆಳಗ್ಗೆ ಅವನು ಅನಂತಯ್ಯನ ಮಗಳನ್ನು ಕೇಳಲು ತನ್ನ ಅಪ್ಪನನ್ನು ಊರಿಂದ ಕರೆಸಿಕೊಂಡಿದ್ದರೆ ಆಗ ಕುಕ್ಕರಿನ ಪ್ರತಿ ಕೂಗಿಗೂ ಬೆಲೆ ಬರುತ್ತದೆ.

ಮರುವರ್ಷದ “ದಿ ಅಪಾರ್ಟ್‌ಮೆಂಟ್” ಇನ್ನೂ ಸೂಕ್ಷ್ಮ. ಒಬ್ಬ ಗುಮಾಸ್ತ ಬಡ್ತಿಯ ಆಸೆಗೆ ತನ್ನ ಫ್ಲ್ಯಾಟಿನ ಕೀಲಿಯನ್ನು ಮೇಲಧಿಕಾರಿಗಳ ಗುಟ್ಟಿನ ಭೇಟಿಗಳಿಗೆ ಕೊಡುತ್ತಾನೆ. ಅಲ್ಲಿ ಯಾರೋ ಮರೆತು ಹೋದ ಒಡೆದ ಕೈಗನ್ನಡಿಯೊಂದನ್ನು ತಾನೇ ಸಾಹೇಬರಿಗೆ ಹಿಂದಿರುಗಿಸುತ್ತಾನೆ. ಆಮೇಲೆ ಕ್ರಿಸ್‌ಮಸ್ ಪಾರ್ಟಿಯಲ್ಲಿ ಹೊಸ ಹ್ಯಾಟು ಹಾಕಿಕೊಂಡು, ತಾನು ಮನಸ್ಸಿಟ್ಟ ಹುಡುಗಿಯನ್ನು ಹೇಗಿದೆ ಎಂದು ಕೇಳುತ್ತಾನೆ. ಅವಳು ಪರ್ಸಿನಿಂದ ಕನ್ನಡಿ ತೆಗೆದುಕೊಡುತ್ತಾಳೆ. ಅದರಲ್ಲಿ ಅದೇ ಬಿರುಕು. ಯಾರೂ ಏನೂ ವಿವರಿಸುವುದಿಲ್ಲ. ಹ್ಯಾಟಿನ ಹಾಸ್ಯ, ಎದೆ ಒಡೆಯುವ ನೋವು ಎರಡೂ ಒಂದೇ ಚೌಕಟ್ಟಿನೊಳಗೆ ನಡೆದುಹೋಗುತ್ತವೆ. ಚಿತ್ರ, ನಿರ್ದೇಶನ, ಚಿತ್ರಕಥೆ ಮೂರಕ್ಕೂ ವೈಲ್ಡರ್ ಒಂದೇ ರಾತ್ರಿ ಆಸ್ಕರ್ ಪಡೆದರು. ಆ ಕನ್ನಡಿಯ ದೃಶ್ಯಕ್ಕಾಗಿಯಾದರೂ ಆ ಚಿತ್ರವನ್ನು ಪೆನ್ನು ಹಿಡಿದು ನೋಡಿ.

ಮಾತಿನ ಬಗ್ಗೆ ಒಂದು ಕನ್ನಡದ್ದೇ ಸೂಕ್ಷ್ಮ ಇದೆ. ನಗಿಸುವ ಪದ ವಾಕ್ಯದ ಕೊನೆಗೆ ಬರಬೇಕು, ಅದರ ನಂತರ ಒಂದು ಅಕ್ಷರ ಉಳಿದರೂ ನಗು ಅದರ ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಮುಖ್ಯ ಪದ ನಡುವಿನಲ್ಲೇ ಹೂತುಹೋಗುತ್ತದೆ. “ಅವನು ನನ್ನ ಹತ್ರಾನೇ ಸಾಲ ತಗೊಂಡು ನನ್ನ ಮದುವೆಗೆ ಮುಯ್ಯಿ ಹಾಕಿದ” ಎಂದರೆ ವಿಷಯ ತಿಳಿಯುತ್ತದೆ, ನಗು ಬರುವುದಿಲ್ಲ. “ನನ್ನ ಮದುವೆಗೆ ಐನೂರು ಮುಯ್ಯಿ ಹಾಕಿದ. ಸಾಲ ತಗೊಂಡಿದ್ದು ನನ್ ಹತ್ರ” ಎಂದು ಮುರಿದು ನೋಡಿ. “ತಗೊಂಡಿದ್ದು”, “ಹೇಳಿದ್ದು”, “ಬಂದಿದ್ದು” ಎಂದು ಕ್ರಿಯೆಯನ್ನು ಮುಂದಕ್ಕೆ ತಂದು ಹೆಸರನ್ನು ಕೊನೆಗೆ ತಳ್ಳುವ ಈ ಅನುಕೂಲ ನಮ್ಮ ಆಡುಮಾತಿನಲ್ಲೇ ಇದೆ, ಊರ ಕಟ್ಟೆಯಲ್ಲಿ ಕಥೆ ಹೇಳುವವರು ಗೊತ್ತಿಲ್ಲದೆಯೇ ಬಳಸುತ್ತಾರೆ. ಮಂಡ್ಯ, ಹುಬ್ಬಳ್ಳಿ, ಮಂಗಳೂರು ಎಂದು ಮಾತಿನ ಧಾಟಿಯನ್ನೇ ಹಾಸ್ಯ ಮಾಡುವುದು, ತೊದಲು, ದಪ್ಪ ಮೈ, ಕಪ್ಪು ಬಣ್ಣ ಹಿಡಿದು ನಗಿಸುವುದು ಬೇಡ. ಅದು ನೋಯಿಸುತ್ತದೆ ಎಂಬುದು ಮೊದಲ ಕಾರಣ. ಆ ನಗುವಿನಿಂದ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ ಎಂಬುದು ಎರಡನೆಯದು. ನಿಮಗೆ ತಿಪಟೂರಿನ ಕನ್ನಡ ಬರುತ್ತದೆ, ಅದರಲ್ಲೇ ಬರೆಯಿರಿ. ಬಾರದ ಧಾಟಿಯ ಪಾತ್ರವಿದ್ದರೆ ಆ ಊರಿನವರನ್ನು ಕೂರಿಸಿಕೊಂಡು ಮಾತು ತಿದ್ದಿಸಿ.

ಮೊದಲ ಕರಡು ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಓದಿಸಿ. ನೀವು ಓದಬಾರದು, ನಿಮ್ಮ ಸಮಸ್ಯೆಯ ಮೂಲವೇ ಅದು. ಐದಾರು ಜನರಿಗೆ ಪಾತ್ರ ಹಂಚಿ, ನಟಿಸದೆ ಸಾದಾ ಓದಲು ಹೇಳಿ. ನೀವು ಮೂಲೆಯಲ್ಲಿ ಕೂತು ಎಲ್ಲಿ ನಕ್ಕರು, ಎಲ್ಲಿ ಫೋನ್ ನೋಡಿದರು ಎಂದು ಗುರುತು ಹಾಕಿ, ಧ್ವನಿಯನ್ನೂ ರೆಕಾರ್ಡ್ ಮಾಡಿಕೊಳ್ಳಿ. ನಟಿಸದ ಓದಿನಲ್ಲಿಯೂ ನಗು ಬಂದ ಜಾಗಗಳು ಗಟ್ಟಿ. ಒಂದು ಹಾಳೆಗೆ ಒಂದು ನಿಮಿಷ ಎಂಬ ಹಾಲಿವುಡ್ ಲೆಕ್ಕ, ಎಡಕ್ಕೆ ದೃಶ್ಯ ಬಲಕ್ಕೆ ಮಾತು ಎಂದು ಬರೆಯುವ ನಮ್ಮ ಪದ್ಧತಿಗೆ ಹೊಂದುವುದಿಲ್ಲ. ಹೀಗೆ ಓದಿಸಿ ಗಡಿಯಾರ ಇಟ್ಟು ಅಳೆಯುವುದೇ ಸರಿಯಾದ ಲೆಕ್ಕ. ಇನ್ನೊಂದು ಅಭ್ಯಾಸ: ನಿಮ್ಮ ಅತ್ಯುತ್ತಮ ಐದು ದೃಶ್ಯಗಳಿಂದ ಮಾತನ್ನೆಲ್ಲ ತೆಗೆದು, ಬರೀ ಕ್ರಿಯೆಯಲ್ಲಿ ಮತ್ತೆ ಬರೆಯಿರಿ. ಸಿಂಗೀತಂ ಶ್ರೀನಿವಾಸ ರಾವ್ ಬೆಂಗಳೂರಿನಲ್ಲೇ ಚಿತ್ರೀಕರಿಸಿದ 1987ರ “ಪುಷ್ಪಕ ವಿಮಾನ” ಪೂರ್ತಿ ಒಂದೂ ಸಂಭಾಷಣೆ ಇಲ್ಲದೆ ನಗಿಸಿದ ಚಿತ್ರ. ಮಾತು ತೆಗೆದ ಮೇಲೂ ಉಳಿಯುವ ಹಾಸ್ಯ ಎಷ್ಟು ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಒರೆಗಲ್ಲು ನಮ್ಮ ಹತ್ತಿರ ಇಲ್ಲ.

ಚಿತ್ರೀಕರಣಕ್ಕೆ ಬರೋಣ. ಕಿರುಚಿತ್ರಗಳಲ್ಲಿ ಹಾಸ್ಯ ಸಾಯುವ ಮುಖ್ಯ ಜಾಗ ಕ್ಲೋಸಪ್. ಅನಂತಯ್ಯ ಕೇಳಿದಾಗ ಅವರ ಮುಖ, ಸ್ವಾಮಿ ಹೇಳಿದಾಗ ಅವನ ಮುಖ, ಕೂಗಿದಾಗ ಕುಕ್ಕರು ಎಂದು ಕತ್ತರಿಸುತ್ತ ಹೋದರೆ ಯಾವಾಗ ಎಲ್ಲಿ ನೋಡಬೇಕೆಂದು ನೀವೇ ಬೆರಳು ತೋರಿಸಿದಂತೆ. ಇಬ್ಬರೂ, ನಡುವೆ ಹಿನ್ನೆಲೆಯಲ್ಲಿ ಕುಕ್ಕರೂ ಕಾಣುವ ಒಂದೇ ಚೌಕಟ್ಟು ಇಡಿ, ಸೊಂಟದಿಂದ ಮೇಲೆ ಕಾಣುವಷ್ಟು ದೂರದಲ್ಲಿ. ಆಗ ಅನಂತಯ್ಯ ಮಾತಾಡುತ್ತಿರುವಾಗಲೇ ಸ್ವಾಮಿಯ ಕಣ್ಣು ಒಲೆಯ ಕಡೆ ಜಾರುವುದನ್ನು ಪ್ರೇಕ್ಷಕರು ತಾವೇ ಕಂಡುಹಿಡಿಯುತ್ತಾರೆ. ತಾವೇ ಕಂಡುಹಿಡಿದದ್ದಕ್ಕೆ ಜೋರಾಗಿ ನಗುತ್ತಾರೆ. ಕ್ಲೋಸಪ್ ಒಂದೇ ಒಂದು ಉಳಿಸಿಕೊಳ್ಳಿ, ಲೋಟ ಕೇಳಿದ ಮೇಲೆ ಸ್ವಾಮಿಯ ಮುಖಕ್ಕೆ.

ಸೆಟ್ಟಿನಲ್ಲಿ ನಿಜವಾದ ಕುಕ್ಕರ್ ಕೂಗಿಸಬೇಡಿ. ಅದು ಮಾತಿನ ಮೇಲೆ ಬಿದ್ದರೆ ಆ ಟೇಕೇ ಹಾಳು. ಸಹಾಯಕ ನಿರ್ದೇಶಕ ಕೈ ಎತ್ತಿ ಸನ್ನೆ ಮಾಡಲಿ, ಕೂಗನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಎಡಿಟಿಂಗಿನಲ್ಲಿ ಕೂರಿಸಿ. ಆಗ ಅದನ್ನು ನಾಲ್ಕು ಫ್ರೇಮ್ ಹಿಂದೆ ಮುಂದೆ ಸರಿಸುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿರುತ್ತದೆ. ಕೂಗುವ ಮುಂಚೆಯೇ ನಟ ಬೆಚ್ಚುವುದು ತೀರಾ ಸಾಮಾನ್ಯ ತಪ್ಪು, ಮಾನಿಟರಿನಲ್ಲಿ ಅದೊಂದನ್ನೇ ಕಾಯಿರಿ. ಸಾಧ್ಯವಿದ್ದರೆ ಸಿಂಕ್ ಸೌಂಡ್ ಬಳಸಿ, ಅಂದರೆ ಚಿತ್ರೀಕರಣದ ಹೊತ್ತಿಗೇ ಮಾತನ್ನು ರೆಕಾರ್ಡ್ ಮಾಡಿ. ಡಬ್ಬಿಂಗ್ ಅನಿವಾರ್ಯವಾದರೆ ಇಬ್ಬರು ನಟರನ್ನೂ ಒಟ್ಟಿಗೆ ನಿಲ್ಲಿಸಿ ಡಬ್ ಮಾಡಿಸಿ. ಬೇರೆ ಬೇರೆ ದಿನ ಮಾಡಿಸಿದ ಮಾತಿನಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವುದಿಲ್ಲ, ಟೈಮಿಂಗ್ ಸಾಯುವುದು ಅಲ್ಲೇ. ಪ್ರತಿ ಮಾತಿಗೂ ಟೊಂಯ್ ಎಂಬ ಹಿನ್ನೆಲೆ ಸದ್ದು ಹಾಕುವುದು, ಇಲ್ಲಿ ನಗಿ ಎಂದು ಬೇಡಿದಂತೆ. ಒಂದನ್ನೂ ಹಾಕಬೇಡಿ. ಕೋಳಿಯನ್ನು ಜೀವಂತ ತೋರಿಸುವ ಯೋಚನೆಯಿದ್ದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ಪಡೆಯಿರಿ, ಅದಿಲ್ಲದೆ ಸೆನ್ಸಾರಿನಲ್ಲಿ ಚಿತ್ರ ಸಿಕ್ಕಿಬೀಳುತ್ತದೆ.

ನಟರು ಸೆಟ್ಟಿನಲ್ಲಿ ಮಾತು ಸೇರಿಸುತ್ತಾರೆ, ಒಳ್ಳೆಯ ಹಾಸ್ಯ ನಟರಂತೂ ಸೇರಿಸಿಯೇ ಸೇರಿಸುತ್ತಾರೆ. ಬರೆದದ್ದನ್ನು ಬರೆದ ಹಾಗೆ ಎರಡು ಟೇಕ್ ತೆಗೆದುಕೊಂಡು, ಮೂರನೆಯದನ್ನು ಅವರಿಗೆ ಬಿಡಿ. ಆದರೆ ಬೇಳೆ, ಮೂರು ಕೂಗು, ಲೋಟ ಎಂಬ ಮೂರು ಪದ ಬದಲಾಗಬಾರದು ಎಂದು ಮೊದಲೇ ಹೇಳಿರಿ, ಮುಂದಿನ ದೃಶ್ಯಗಳು ಅವುಗಳ ಮೇಲೆ ನಿಂತಿವೆ. ವೈಲ್ಡರ್ ಸೆಟ್ಟಿನಲ್ಲಿ ಡೈಮಂಡ್ ಇರುತ್ತಿದ್ದದ್ದು ಈ ಪಹರೆಗೇ. ಸಂಕಲನಕಾರ ಡೋನ್ ಹ್ಯಾರಿಸನ್ ಕೂಡ ಸೆಟ್ಟಿನಲ್ಲೇ ನಿಂತು ಯಾವ ಶಾಟ್ ಬೇಕು, ಯಾವುದು ಬೇಡ ಎಂದು ಹೇಳುತ್ತಿದ್ದರು. ಮೊದಲ ಚಿತ್ರದಲ್ಲಿ ನಿಮ್ಮ ಎಡಿಟರ್ ಒಂದು ವಾರವಾದರೂ ಸೆಟ್ಟಿಗೆ ಬರುವಂತೆ ಕೇಳಿಕೊಳ್ಳಿ.

ಎಡಿಟಿಂಗಿನಲ್ಲಿ ಹೊಸಬರನ್ನು ಕಾಡುವ ಪ್ರಶ್ನೆ, ನಗುವಿಗೆ ಎಷ್ಟು ಜಾಗ ಬಿಡಬೇಕು ಎಂಬುದು. ಬಿಡದಿದ್ದರೆ ಚಿತ್ರಮಂದಿರದ ನಗುವಿನಲ್ಲಿ ಮುಂದಿನ ಮಾತು ಮುಳುಗುತ್ತದೆ. ಬಿಟ್ಟರೆ, ಮೊಬೈಲಿನಲ್ಲಿ ಒಬ್ಬರೇ ನೋಡುವಾಗ ಅದು ಸತ್ತ ಜಾಗ. ಇದಕ್ಕೆ “ಸಮ್ ಲೈಕ್ ಇಟ್ ಹಾಟ್” ಕಂಡುಕೊಂಡ ಉಪಾಯ ಬೆರಗು ಹುಟ್ಟಿಸುತ್ತದೆ. ಹೆಣ್ಣು ವೇಷದ ಜ್ಯಾಕ್ ಲೆಮನ್ ತನಗೆ ಮದುವೆ ಗೊತ್ತಾಯಿತು ಎಂದು ಹೇಳುವ ದೃಶ್ಯದಲ್ಲಿ ವೈಲ್ಡರ್ ಅವರ ಕೈಗೆ ಗಿಲಕಿಯಂಥ ಮರಾಕಸ್ ಕೊಟ್ಟು, ಪ್ರತಿ ಮಾತಾದ ಮೇಲೂ ಕುಣಿದು ಅಲ್ಲಾಡಿಸಲು ಹೇಳಿದರು. ಜನ ನಗುವಷ್ಟು ಹೊತ್ತು ಗಿಲಕಿ ಆಡುತ್ತದೆ, ಯಾರೂ ನಗದಿದ್ದರೂ ಆ ಕುಣಿತವೇ ನೋಡಲು ಚೆಂದ. ನಿಮ್ಮ ದೃಶ್ಯದಲ್ಲೂ ದೊಡ್ಡ ನಗುವಿನ ನಂತರದ ಎರಡು ಮೂರು ಸೆಕೆಂಡಿಗೆ ಒಂದು ಕೈಕೆಲಸ ಇಡಿ. ಸ್ವಾಮಿ ಬೇಕಿಲ್ಲದಿದ್ದರೂ ಲೋಟ ಒರೆಸುತ್ತಿರಲಿ. ಕಥೆಗೆ ಬೇಕಾದ ಮಾಹಿತಿ ಆ ಜಾಗದಲ್ಲಿ ಬರಬಾರದು. ಪ್ರತಿಕ್ರಿಯೆಯ ಮುಖವನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬುದು 12 ಫ್ರೇಮ್, ಅಂದರೆ ಅರ್ಧ ಸೆಕೆಂಡಿನಲ್ಲಿ ಕೆಡುತ್ತದೆ. ಉದ್ದ, ಗಿಡ್ಡ ಎರಡೂ ಕಟ್ಟಿ, ಮರುದಿನ ಬೆಳಗ್ಗೆ ನೋಡಿ ತೀರ್ಮಾನಿಸಿ.

ಹೊರಗಿನವರಿಗೆ ತೋರಿಸಲೇಬೇಕು. ನಿಮ್ಮನ್ನು ಅರಿಯದ 15-20 ಜನ ಸಾಕು. ಚೆನ್ನಾಗಿತ್ತಾ ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಕಥೆ ಹೇಳಿ ಎಂದು ಕೇಳಿ. ನೆಗಡಿಯ ವಿಷಯ ಅವರ ಬಾಯಲ್ಲಿ ಬಾರದಿದ್ದರೆ ಬೀಜ ಮೊಳೆತಿಲ್ಲ. ತಪ್ಪು ಜಾಗದಲ್ಲಿ ಬರುವ ನಗುವೂ ಅಷ್ಟೇ ಮುಖ್ಯ. ವೈಲ್ಡರ್ 1950ರ “ಸನ್‌ಸೆಟ್ ಬುಲೆವಾರ್ಡ್” ಚಿತ್ರವನ್ನು ಶವಾಗಾರದಲ್ಲಿ ಹೆಣಗಳು ಮಾತಾಡಿಕೊಳ್ಳುವ ದೃಶ್ಯದಿಂದ ಆರಂಭಿಸಿದ್ದರು. ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ಜನ ಗೊಳ್ಳೆಂದು ನಕ್ಕರು, ಮುಂದಿನ ಗಂಭೀರ ಕಥೆ ನಿಲ್ಲಲಿಲ್ಲ. ಅವರು ಆ ದೃಶ್ಯವನ್ನೇ ತೆಗೆದು ಆರಂಭ ಬದಲಿಸಿದರು.

ಕಾಲವೂ ಹಾಸ್ಯವನ್ನು ಕೆಡಿಸುತ್ತದೆ. ವೈಲ್ಡರ್ 1961ರಲ್ಲಿ ಪೂರ್ವ, ಪಶ್ಚಿಮ ಬರ್ಲಿನ್ನಿನ ಜಗಳವನ್ನೇ ವಸ್ತುವಾಗಿಟ್ಟುಕೊಂಡು “ಒನ್, ಟು, ತ್ರೀ” ಎಂಬ ಬಿರುಸಿನ ಹಾಸ್ಯ ಚಿತ್ರ ತೆಗೆಯುತ್ತಿದ್ದಾಗಲೇ ಎರಡರ ನಡುವೆ ಬರ್ಲಿನ್ ಗೋಡೆ ಎದ್ದಿತು. ಬ್ರಾಂಡೆನ್‌ಬರ್ಗ್ ದ್ವಾರದ ಪ್ರತಿರೂಪವನ್ನು ಮ್ಯೂನಿಕ್‌ನಲ್ಲಿ ಕಟ್ಟಿ ಮುಗಿಸಿದರು. ಆದರೆ ಜನ ಸಾಯುತ್ತಿದ್ದ ಗಡಿಯ ಬಗ್ಗೆ ನಗಲು ಆಗ ಯಾರಿಗೂ ಮನಸ್ಸಾಗಲಿಲ್ಲ, ಚಿತ್ರ ಸೋತಿತು. 1980ರ ದಶಕದಲ್ಲಿ ಅದೇ ಚಿತ್ರ ಪಶ್ಚಿಮ ಜರ್ಮನಿಯಲ್ಲಿ ಮತ್ತೆ ತೆರೆಕಂಡು ಗೆದ್ದಿತು. ಚುನಾವಣೆ, ವೈರಲ್ ವಿಡಿಯೋ, ಈ ತಿಂಗಳ ಸುದ್ದಿಯನ್ನು ನಂಬಿ ಕಥೆ ಕಟ್ಟುವ ಮುಂಚೆ, ಬರವಣಿಗೆಯಿಂದ ಬಿಡುಗಡೆಯವರೆಗೆ ಎರಡು ವರ್ಷ ಹಿಡಿಯಬಹುದು ಎಂಬುದನ್ನು ನೆನಪಿಡಿ.

ಕೊನೆಯದಾಗಿ ಹಕ್ಕಿನ ಪ್ರಶ್ನೆ. ಬಾಯಲ್ಲಿ ಹೇಳಿದ ಎಳೆಗೆ ಕಾನೂನಿನ ರಕ್ಷಣೆ ಇಲ್ಲ. ಬರಿಯ ಕಲ್ಪನೆಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ವಿಸ್ತರಿಸಿ ರೂಪಿಸಿದ ಬರಹಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದೂ ಒಬ್ಬ ನಾಟಕಕಾರ ತನ್ನ ನಾಟಕವನ್ನು ಸಿನಿಮಾ ಮಾಡಿಕೊಂಡರು ಎಂದು ಹೂಡಿದ್ದ ದಾವೆ. ಹಾಗಾಗಿ ಒನ್ ಲೈನ್ ಹಿಡಿದುಕೊಂಡು ಕಚೇರಿ ಕಚೇರಿ ಸುತ್ತಬೇಡಿ. ದೃಶ್ಯವಾರು ಬರೆದು ಮುಗಿಸಿ, ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾಗಿ ಆನ್‌ಲೈನಿನಲ್ಲಿ ನೋಂದಾಯಿಸಿ. ಕೃತಿಸ್ವಾಮ್ಯ ಕಚೇರಿಯಲ್ಲೂ ನೋಂದಾಯಿಸಬಹುದು. ನೋಂದಣಿಯಿಂದ ಹಕ್ಕು ಹುಟ್ಟುವುದಿಲ್ಲ, ಬರೆದಾಗಲೇ ಹುಟ್ಟಿರುತ್ತದೆ. ನೋಂದಣಿ ಕೊಡುವುದು ತಾರೀಖಿನ ಸಾಕ್ಷಿ. ಕಥೆ ಹೇಳಿ ಬಂದ ದಿನವೇ, ಇಂಥ ಶೀರ್ಷಿಕೆಯ ಕಥೆ ಕೇಳಿದ್ದಕ್ಕೆ ಧನ್ಯವಾದ ಎಂದು ಅವರಿಗೆ ಒಂದು ಇಮೇಲ್ ಕಳಿಸಿ.

ಒಪ್ಪಂದಕ್ಕೆ ಸಹಿ ಹಾಕುವಾಗ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿಕೊಳ್ಳಿ. ಅವಧಿ ಬರೆಯದಿದ್ದರೆ ಹಕ್ಕು ಕೊಟ್ಟದ್ದು ಐದು ವರ್ಷಕ್ಕೆ ಎಂದೇ ಅರ್ಥ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದಲ್ಲಿ, ಹಕ್ಕು ನಿಮಗೆ ಮರಳುತ್ತದೆ. ಈ ರಕ್ಷಣೆಯನ್ನು ಅಳಿಸಿಹಾಕುವ ಸಾಲುಗಳು ಒಪ್ಪಂದದ ಕೊನೆಯ ಪುಟಗಳಲ್ಲಿ ಇರುತ್ತವೆ, ವಕೀಲರಿಗೆ ತೋರಿಸದೆ ಸಹಿ ಬೇಡ. ರೀಮೇಕ್, ಡಬ್ಬಿಂಗ್ ಮತ್ತು ವೆಬ್ ಸರಣಿಯ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿ. ಹಾಸ್ಯ ಚಿತ್ರ ಬೇರೆ ಭಾಷೆಗೆ ಹೋದಾಗ ಸಿಗುವ ದುಡ್ಡು ಅಲ್ಲೇ ಇರುತ್ತದೆ. ಸಂಭಾವನೆಯನ್ನು ಬಿಡುಗಡೆಗೆ ಕಟ್ಟಿಹಾಕಬೇಡಿ. ಸಹಿ ಹಾಕಿದಾಗ ಕಾಲು ಭಾಗ, ಮೊದಲ ಕರಡಿಗೆ ಕಾಲು, ಅಂತಿಮ ಕರಡಿಗೆ ಕಾಲು, ಚಿತ್ರೀಕರಣದ ಮೊದಲ ದಿನಕ್ಕೆ ಉಳಿದದ್ದು ಎಂದು ಕೇಳಿ. ನೀವು ನಿರ್ದೇಶಕರಾಗಿ ಮುಂದುವರಿಯದಿದ್ದರೂ ಕಥೆ, ಚಿತ್ರಕಥೆಯ ಹೆಸರು ಉಳಿಯಬೇಕು ಎಂಬ ಸಾಲು ಬೇರೆಯೇ ಇರಲಿ.

ಈ ವಾರ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಎರಡು ಕಿರುಚಿತ್ರಗಳಲ್ಲಿ ಹೆಚ್ಚು ಸೋತದ್ದನ್ನು ತೆಗೆದುಕೊಳ್ಳಿ. ದೃಶ್ಯಗಳನ್ನು ಕಾರ್ಡಿಗೆ ಇಳಿಸಿ, ಗುಟ್ಟು ಪ್ರೇಕ್ಷಕರಿಗೆ ಎಲ್ಲಿ ಗೊತ್ತಾಗುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಗುರುತಿಸಿ. ಆ ಗುರುತನ್ನು ಎರಡು ದೃಶ್ಯ ಮುಂಚೆ ಸರಿಸಿ, ಇರುವ ಶಾಟ್‌ಗಳಲ್ಲೇ ಮತ್ತೆ ಎಡಿಟ್ ಮಾಡಿ, ಆ ಚಿತ್ರವನ್ನು ಹಿಂದೆ ನೋಡಿಲ್ಲದ ಹತ್ತು ಜನರಿಗೆ ತೋರಿಸಿ.